ದಾಖಲೆಗಳ ನಿರ್ವಹಣೆಗೆ ತಂತ್ರಾಂಶದ ಆಯ್ಕೆ

ಕಾಗದಪತ್ರಗಳನ್ನು ಗಣಕಯಂತ್ರದಲ್ಲಿ ಕಾದಿಡಲು ಹೊರಟ ಸಂಸ್ಥೆಯು ಬೆಲೆಯ ವಿಚಾರಕ್ಕೆ ಮುನ್ನ, ಇಟ್ಟುದು ಇಪ್ಪತ್ತು ವರ್ಷಗಳ ತರುವಾಯವೂ ಮರಳಿ ದೊರೆಯುವುದೇ ಎಂಬುದನ್ನು ಪರಿಶೀಲಿಸುವುದು ಯುಕ್ತ. ಈ ದೃಷ್ಟಿಯಿಂದ ಮೂರು ಅಂಶಗಳನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಮೊದಲನೆಯದು, ಕಡತದ ರೂಪ. 2005ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಪಿಡಿಎಫ್/ಎ ರೂಪದಲ್ಲಿ ಫಾಂಟುಗಳೂ ಕಡತದೊಳಗೇ ಅಡಕವಾಗಿರತಕ್ಕದ್ದು. ಆದಕಾರಣ ಬೇರೊಂದು ಯಂತ್ರದಲ್ಲಿಯೂ ಪುಟದ ರೂಪ ಕೆಡದು.

ಎರಡನೆಯದು, ಹುಡುಕುವ ಸೌಕರ್ಯ. ಕನ್ನಡದ ಮಟ್ಟಿಗೆ ಇದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಯೂನಿಕೋಡನ್ನು ಅನುಸರಿಸದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಬರೆಹವು ಕಣ್ಣಿಗೆ ಕನ್ನಡವೇ ಆದರೂ, ಗಣಕಕ್ಕೆ ಅದು ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಅರ್ಥಹೀನ ಸಾಲು. ಪರಿವರ್ತಿಸದೆ ಸೇರಿಸಿದ ಕಡತವು ಭಂಡಾರದಲ್ಲಿ ಇದ್ದೂ ಇಲ್ಲದಂತೆ.

ಮೂರನೆಯದು, ಬಿಟ್ಟು ಹೊರಡುವ ದಾರಿ. 2002ರಲ್ಲಿ ಎಂ.ಐ.ಟಿ. ಹಾಗೂ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಗಳು ಹೊರತಂದ ಡಿಸ್ಪೇಸ್ ಮುಕ್ತ ತಂತ್ರಾಂಶವಾಗಿದ್ದು, ಭಾರತೀಯ ವಿಶ್ವವಿದ್ಯಾನಿಲಯಗಳ ಪ್ರೌಢಪ್ರಬಂಧಗಳ ಭಂಡಾರವಾದ ಶೋಧಗಂಗಾ ಇದನ್ನೇ ಆಶ್ರಯಿಸಿದೆ. ಕಡತಗಳನ್ನೂ ಅವುಗಳ ವಿವರಗಳನ್ನೂ ಇದರಿಂದ ಒಟ್ಟಿಗೆ ಹೊರತೆಗೆಯಬಹುದು. ಆದರೆ ಇದು ಮುಗಿದ ದಾಖಲೆಗಳ ಉಗ್ರಾಣ. ಟಿಪ್ಪಣಿಯು ಮೇಜಿನಿಂದ ಮೇಜಿಗೆ ಸಾಗಬೇಕಾದ ಕಚೇರಿಗೆ ಇದೊಂದೇ ಸಾಲದು. ಮುಕ್ತವಾದುದು ವೆಚ್ಚರಹಿತವೆಂದು ಭಾವಿಸುವುದೂ ಸಲ್ಲದು. ನಡೆಸಬಲ್ಲ ತಜ್ಞನ ವೇತನವನ್ನು ಸಂಸ್ಥೆಯೇ ಭರಿಸಬೇಕು.

ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನೂರು ಹಳೆಯ ಕಡತಗಳನ್ನು ಸೇರಿಸಿ, ಕನ್ನಡ ಪದಗಳಿಂದ ಹುಡುಕಿ, ಬಳಿಕ ಎಲ್ಲವನ್ನೂ ಹೊರತೆಗೆದು ಬೇರೆ ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನ ಕೈಗೆ ಸಂಸ್ಥೆಯ ನೆನಪನ್ನು ಒಪ್ಪಿಸಲಾಗದು.