ಕಾರಿಗೆ ವಿನೈಲ್ ಅಂಟಿಸುವಾಗ ಬರುವ ಭುಜದ ನೋವು

ಈ ವಾರ ಎಣ್ಣೆ, ಉಪ್ಪು, ಕೊಲೆಸ್ಟರಾಲ್ ಬಿಟ್ಟು ಕಾರಿನ ವಿಷಯ ಮಾತಾಡೋಣ. ಹಳೆಯ ಕಾರಿನ ಬಣ್ಣ ಮಾಸಿದರೆ ಈಗ ಪೇಂಟ್ ಬದಲು ವಿನೈಲ್ ರ‍್ಯಾಪ್ ಹಾಕುವುದು ಸಾಮಾನ್ಯ. ಅಂಗಡಿಯವರು ಹೇಳುವ ದರ ಕೇಳಿ, ಆನ್‌ಲೈನ್‌ನಲ್ಲಿ ರೋಲ್ ತರಿಸಿ, ನಾಲ್ಕು ವಿಡಿಯೊ ನೋಡಿ, ಭಾನುವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲೇ ಕೆಲಸ ಶುರು ಮಾಡುವವರು ನನ್ನ ರೋಗಿಗಳಲ್ಲೂ ಇದ್ದಾರೆ. ಒಳ್ಳೆಯ ಹವ್ಯಾಸವೇ. (ಇಡೀ ಕಾರಿನ ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಅದು ಬೇರೆ ಮಾತು.)

ಮಾಡಿ ನೋಡದವರಿಗೆ ಇದು ಪುಸ್ತಕಕ್ಕೆ ಬೈಂಡ್ ಹಾಕಿದಷ್ಟು ಸುಲಭ ಅನ್ನಿಸುತ್ತದೆ. ರೋಲ್ ಸುಮಾರು ಒಂದೂವರೆ ಮೀಟರ್ ಅಗಲ. ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬಾನೆಟ್ಟಿಗೆ ಬೇಕಾದ ತುಂಡನ್ನು ಒಬ್ಬರೇ ಹಿಡಿಯಲು ಆಗದು. ಅಂಟಿನ ಬದಿ ತನಗೆ ತಾನೇ ತಾಗಿದರೆ ಹಾಳೆ ಹಾಳು. ಹಾಗಾಗಿ ಒಬ್ಬರು ಎರಡೂ ಕೈ ಚಾಚಿ ಹಾಳೆ ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಹೀಟ್ ಗನ್‌ನಿಂದ ಬಿಸಿ ಮಾಡುತ್ತಾ ಸ್ಕ್ವೀಜಿಯಿಂದ ಮಧ್ಯದಿಂದ ಅಂಚಿಗೆ ಒತ್ತುತ್ತಾ ಹೋಗುತ್ತಾರೆ. ರೂಫ್ ಆದರೆ ಕೈ ಭುಜಕ್ಕಿಂತ ಮೇಲೆ. ಹೊಸಬರಿಗೆ ಒಂದು ಬಾನೆಟ್ಟಿಗೇ ಅರ್ಧ ದಿನ.

ಕಾಲಿನಿಂದ ಮಾಡುವ ಕೆಲಸಕ್ಕೆ ಹೋಲಿಸಿದರೆ, ಅಷ್ಟೇ ಪ್ರಮಾಣದ ಕೈಕೆಲಸಕ್ಕೆ ನಾಡಿಬಡಿತವೂ ಬಿಪಿಯೂ ಹೆಚ್ಚು ಏರುತ್ತವೆ. ಕೈಯೆತ್ತಿ, ಅಲುಗಾಡದೆ, ಸ್ನಾಯು ಬಿಗಿಹಿಡಿದು ನಿಂತರೆ ಇನ್ನೂ ಹೆಚ್ಚು. ದಿನಾ ನಾಲ್ಕು ಕಿಲೋಮೀಟರ್ ನಡೆದರೂ ಏನೂ ಆಗದವರಿಗೆ ಇಲ್ಲಿ ಎದೆ ಹಿಡಿದುಕೊಳ್ಳಬಹುದು. ವಾಕಿಂಗ್ ಮಾಡುತ್ತೇನಲ್ಲ ಎಂಬ ಧೈರ್ಯ ಇಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ.

ಹಾಳೆಯ ಇನ್ನೊಂದು ತುದಿ ಹಿಡಿಯುವವರು ಯಾರು? ನಮ್ಮ ಮನೆಗಳಲ್ಲಿ ಬಹಳ ಸಲ ಊರಿಂದ ಬಂದ ಅಪ್ಪ. ಅರವತ್ತು ದಾಟಿದವರು, ಪುಣೆಯ ಫ್ಲ್ಯಾಟಿನಲ್ಲಿ ಹೊತ್ತು ಹೋಗದೆ ಕೂತವರು, ಮಗ ಕರೆದರೆ ಖುಷಿಯಿಂದ ಕೆಳಗಿಳಿಯುವವರು. ಹುಬ್ಬಳ್ಳಿ ಕಡೆಯ ಅಂಥ ಒಬ್ಬರು ಸೋಮವಾರ ಸಂಜೆ ನಮ್ಮಲ್ಲಿಗೆ ಬಂದರು. ಭಾನುವಾರ ಮಧ್ಯಾಹ್ನದಿಂದ ಎಡ ಭುಜ, ದವಡೆ ನೋವು. ‘ನಿನ್ನೆ ಹಾಳಿ ಹಿಡದು ನಿಂತಿದ್ನಲ್ರೀ, ಅದಕ್ಕ’ ಅಂತ ಅವರೇ ಕಾರಣ ಹೇಳಿಕೊಂಡು, ಮುಲಾಮು ಹಚ್ಚಿ ಮಲಗಿದ್ದರು. ಇಸಿಜಿ ಬೇರೆಯೇ ಹೇಳಿತು. ಬದುಕಿದ್ದಾರೆ, ಆದರೆ ಹೃದಯದ ಒಂದು ಭಾಗದ ಸ್ನಾಯು ಹೋಯಿತು. ಮುಚ್ಚಿದ ರಕ್ತನಾಳವನ್ನು ಮೊದಲ ಒಂದೆರಡು ಗಂಟೆಯಲ್ಲಿ ತೆರೆದಿದ್ದರೆ ಅದರಲ್ಲಿ ಬಹುಪಾಲು ಉಳಿಯುತ್ತಿತ್ತು.

ಈ ಕೆಲಸದ ತೊಂದರೆಯೇ ಇದು. ಭುಜ ನೋಯಲು ನಿಜವಾದ ಕಾರಣ ಇದ್ದೇ ಇದೆ, ಅದರ ಹಿಂದೆ ಹೃದಯದ ನೋವು ಅಡಗಿಬಿಡುತ್ತದೆ. ಸ್ನಾಯು ನೋವು ಸಾಮಾನ್ಯವಾಗಿ ಒಂದು ಜಾಗದಲ್ಲಿ ಇರುತ್ತದೆ, ಕೈ ಒಂದು ಬದಿಗೆ ಎತ್ತಿದರೆ ಚುಚ್ಚುತ್ತದೆ, ಮರುದಿನ ಬೆಳಿಗ್ಗೆ ಹೆಚ್ಚಾಗುತ್ತದೆ. ಹೃದಯದ ನೋವು ಭಾರ ಇಟ್ಟ ಹಾಗೆ, ಬಿಗಿದ ಹಾಗೆ. ಬೆರಳಿಟ್ಟು ತೋರಿಸಲು ಬಾರದು. ದವಡೆ, ಬೆನ್ನು, ಎರಡೂ ಕೈಗೆ ಹರಡಬಹುದು. ಜೊತೆಗೆ ತಣ್ಣನೆ ಬೆವರು, ವಾಕರಿಕೆ, ಏದುಸಿರು. ಕೆಲಸ ಮಾಡುವಾಗ ಬಂದು, ಕೂತರೆ ಐದಾರು ನಿಮಿಷದಲ್ಲಿ ಹೋಗುವ ನೋವನ್ನೂ ಕಡೆಗಣಿಸಬೇಡಿ, ಅದು ಆಂಜೈನಾ ಇರಬಹುದು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಆಗುವುದುಂಟು.

ಕೂತ ಮೇಲೂ ಹೋಗದಿದ್ದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕಾಯಬೇಡಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲೂ ನಮ್ಮೂರಿನಂತೆ ಆಂಬುಲೆನ್ಸಿಗೆ 108, ದೆಹಲಿಯಲ್ಲಿ 112. ರೋಗಿಯೇ ಕಾರು ಓಡಿಸಬಾರದು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ನಾಲಿಗೆ ಕೆಳಗಿನ ಮಾತ್ರೆಯನ್ನು ಮಾತ್ರ ಪಕ್ಕದ ಮನೆಯವರು ಕೊಟ್ಟರೆಂದು ಇಡಬೇಡಿ, ಬಿಪಿ ಮೊದಲೇ ಕಡಿಮೆ ಇದ್ದರೆ ಅದು ಕುಸಿಯುತ್ತದೆ. ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ, ಅದನ್ನು ಅಳಿಸಿಬಿಡಿ.

ಇನ್ನೊಂದು, ವಿಡಿಯೊಗಳಲ್ಲಿ ಯಾರೂ ಹೇಳದ ವಿಷಯ. ಒಬ್ಬರೇ ಕೆಲಸ ಮಾಡುವವರು ಹಾಳೆ ಜಾರದಂತೆ ಬಲವಾದ ಆಯಸ್ಕಾಂತ ಇಡುತ್ತಾರೆ. ಕೈ ಖಾಲಿ ಬೇಕೆಂದು ಅದನ್ನು ಶರ್ಟಿನ ಜೇಬಿಗೆ ಹಾಕಿಕೊಳ್ಳುವುದೂ ಉಂಟು. ಪೇಸ್‌ಮೇಕರ್ ಇದ್ದವರು ಹೀಗೆ ಮಾಡಲೇಬಾರದು. ಆಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತ ಗಮನಿಸದೆ ಒಂದೇ ವೇಗದಲ್ಲಿ ಬಡಿಯತೊಡಗುತ್ತದೆ. ಶಾಕ್ ಕೊಡುವ ಐಸಿಡಿ ಆದರೆ, ಆಯಸ್ಕಾಂತ ಇರುವಷ್ಟು ಹೊತ್ತು ಶಾಕ್ ಕೊಡುವ ಕೆಲಸವನ್ನೇ ನಿಲ್ಲಿಸುತ್ತದೆ. ದೂರ ಸರಿಸಿದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಕನಿಷ್ಠ ಆರು ಇಂಚು ದೂರ ಎಂಬುದು ನಿಯಮ. ಅಂಥವರಿದ್ದರೆ ಆಯಸ್ಕಾಂತದ ಬದಲು ಮಾಸ್ಕಿಂಗ್ ಟೇಪ್ ಬಳಸಿ.

ಹವೆಯ ವಿಷಯದಲ್ಲಿ ವಿನೈಲಿಗೂ ಹೃದಯಕ್ಕೂ ಒಂದೇ ರುಚಿ. ದೆಹಲಿಯ ಜನವರಿ ಬೆಳಿಗ್ಗೆ ಫಿಲ್ಮ್ ಸೆಟೆದುಕೊಳ್ಳುತ್ತದೆ, ರಕ್ತನಾಳಗಳೂ ಸಂಕುಚಿಸುತ್ತವೆ. ಹೈದರಾಬಾದಿನ ಮೇ ತಿಂಗಳಲ್ಲಿ ಅಂಟು ಮೊದಲ ಸ್ಪರ್ಶಕ್ಕೇ ಹಿಡಿದುಬಿಡುತ್ತದೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರಿಗೆ ತಲೆ ತಿರುಗುತ್ತದೆ. ಚೆನ್ನೈ, ಮುಂಬೈನಲ್ಲಿ ಬೆವರು ಆರುವುದೇ ಇಲ್ಲ. ತಂಪು ಹೊತ್ತಿನಲ್ಲಿ ಮಾಡಿ, ಗಂಟೆಗೊಮ್ಮೆ ಕೂತು ನೀರು ಕುಡಿಯಿರಿ. ಹೃದಯ ವೈಫಲ್ಯಕ್ಕೆ ನೀರಿನ ಮಿತಿ ಹಾಕಿಸಿಕೊಂಡವರು ಈ ಬಿಸಿಲಿಗೆ ಇಳಿಯುವುದೇ ಬೇಡ.

ಬೇಸ್‌ಮೆಂಟಿನಲ್ಲಿ ಸೆಖೆ ಎಂದು ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಒಳಗಿನ ಕೆಲಸ ಮಾಡಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತಕ್ಕೆ ಅಂಟುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಆಗಲೂ 98 ಎಂದೇ ತೋರಿಸಬಹುದು. ಅಂಚಿಗೆ ಹಚ್ಚುವ ಪ್ರೈಮರಿನ ದ್ರಾವಕದ ಆವಿಯೂ ಮುಚ್ಚಿದ ಜಾಗದಲ್ಲಿ ಒಳ್ಳೆಯದಲ್ಲ, ಹೆಚ್ಚಾದರೆ ಬಡಿತದ ಲಯ ತಪ್ಪಿಸಬಲ್ಲದು. ಹೀಟ್ ಗನ್ ಒಂದೇ ಕಡೆ ಹಿಡಿದು ವಿನೈಲ್ ಸುಟ್ಟರೆ ಬರುವ ಹೊಗೆ ಎದೆ, ಕಣ್ಣು ಉರಿಸುತ್ತದೆ.

ರಕ್ತ ತೆಳುವಾಗುವ ಮಾತ್ರೆ ನುಂಗುವವರು ಬ್ಲೇಡ್ ಮುಟ್ಟದೆ, ದಾರವಿರುವ ಕತ್ತರಿಸುವ ಟೇಪ್ ಬಳಸಲಿ. ಸ್ಟೀರಿಂಗ್ ಮಧ್ಯ, ಏರ್‌ಬ್ಯಾಗ್ ಎಂದು ಬರೆದ ಪಿಲ್ಲರ್, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳಕ್ಕೆ ಯಾರೂ ಏನನ್ನೂ ಅಂಟಿಸಬೇಡಿ, ಬಿಸಿಯೂ ಮಾಡಬೇಡಿ. ಗೇರಿನ ಸುತ್ತಲಿನ ಪಟ್ಟಿ, ಬಾಗಿಲಿನ ಅಲಂಕಾರದ ಪಟ್ಟಿ ಬಿಚ್ಚಲು ಬರುತ್ತವೆ. ಅವನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು, ಫ್ಯಾನ್ ಹಾಕಿ, ಕೂತು ಅಂಟಿಸಬಹುದು. ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಆ ಕೆಲಸ ಕೊಡಿ. ಬಾನೆಟ್ಟಿನ ಹಾಳೆ ಹಿಡಿಯಲು ಪಕ್ಕದ ಫ್ಲ್ಯಾಟಿನ ಕಾಲೇಜು ಹುಡುಗನನ್ನು ಕರೆಯಿರಿ.