ಕಂದಕದ ಸಿಪಾಯಿಯೂ ಶಬ್ದವೇಗವೂ

ಒಂದನೆಯ ಮಹಾಯುದ್ಧದಲ್ಲಿ ಜರ್ಮನ್ ಕಾಲಾಳು ತನ್ನ ಶತ್ರುವನ್ನು ಕಣ್ಣಾರೆ ಕಂಡದ್ದು ಅಪರೂಪ. ೧೯೧೪ರ ಕೊನೆಯ ವೇಳೆಗೆ ಪಶ್ಚಿಮ ರಣರಂಗದಲ್ಲಿ ಉಭಯ ಸೈನ್ಯಗಳೂ ಕಂದಕಗಳಲ್ಲಿ ಇಳಿದು ಕುಳಿತಿದ್ದುವು. ಆತನ ತಲೆಯ ಮೇಲಿದ್ದುದು ಮೊನಚು ತುದಿಯ ತೊಗಲಿನ ಟೊಪ್ಪಿಗೆ. ಉಕ್ಕಿನ ಶಿರಸ್ತ್ರಾಣ ಬಂದುದು ೧೯೧೬ರಲ್ಲಿ. ತಲೆಯೆತ್ತಿ ನೋಡುವುದೇ ಅಪಾಯವಾದ್ದರಿಂದ ಆತ ಕಿವಿಯನ್ನು ನಂಬಬೇಕಾಯಿತು. ಆ ಕಿವಿ ಆತನನ್ನು ಎಷ್ಟರಮಟ್ಟಿಗೆ ಕಾಪಾಡಬಲ್ಲದು?

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಬ್ರಿಟಿಷ್ ಬಂದೂಕಿನ ಗುಂಡು ನಳಿಗೆಯಿಂದ ಹೊರಡುವುದು ಇದರ ಇಮ್ಮಡಿಗಿಂತ ಹೆಚ್ಚು ವೇಗದಲ್ಲಿ. ಆದುದರಿಂದ ಗುಂಡು ಮೊದಲು, ಸದ್ದು ಆಮೇಲೆ. ಗುಂಡು ಪಕ್ಕದಲ್ಲಿ ಹಾದಾಗ ಅದರ ಆಘಾತ ತರಂಗ ಚಾವಟಿಯಂತೆ ಛಟೀರೆನ್ನುತ್ತದೆ. ತುಸು ತಡೆದು ಬಂದೂಕಿನ ಮಂದವಾದ ಢಬ್ ಕೇಳಿಸುತ್ತದೆ. ಇವೆರಡರ ಅಂತರ ಹೆಚ್ಚಿದಷ್ಟೂ ಬಂದೂಕು ದೂರ. ಈ ಲೆಕ್ಕ ಗೊತ್ತಾಗುವುದು ಗುಂಡು ತಪ್ಪಿದವನಿಗೆ ಮಾತ್ರ.

ಹೊವಿಟ್ಜರ್ ಫಿರಂಗಿಯ ಸಂಗತಿ ಬೇರೆ. ಅದರ ಸಿಡಿಗುಂಡು ಎತ್ತರದ ಕಮಾನಿನಲ್ಲಿ, ಬಹುಪಾಲು ದಾರಿಯನ್ನು ಶಬ್ದಕ್ಕಿಂತ ನಿಧಾನವಾಗಿಯೇ ಸಾಗುತ್ತದೆ. ಅದರ ಶಿಳ್ಳು ಮುಂದಾಗಿ ಬಂದು ಎಚ್ಚರಿಸುತ್ತದೆ. ನಿಲ್ದಾಣವನ್ನು ದಾಟಿಹೋಗುವ ರೈಲಿನ ಶಿಳ್ಳಿನಂತೆ ಅದರ ಶ್ರುತಿ ಇಳಿದರೆ ಗುಂಡು ದಾಟಿಹೋಯಿತೆಂದು ಅರ್ಥ. ಶ್ರುತಿ ಇಳಿಯದೆ ಸದ್ದು ಮಾತ್ರ ಬೆಳೆಯುತ್ತಿದ್ದರೆ ನೆಲಕ್ಕೆ ಬೀಳಬೇಕು. ಫ್ರೆಂಚರ ೭೫ ಮಿಲಿಮೀಟರಿನ ಫಿರಂಗಿಯಾದರೋ ಹತ್ತಿರದ ಗುರಿಗೆ ಹೊಡೆದಾಗ ಇಷ್ಟು ಕಾಲಾವಕಾಶವನ್ನೂ ಕೊಡುತ್ತಿರಲಿಲ್ಲ. ಹಳಬರು ಈ ಭೇದಗಳನ್ನು ಬಲ್ಲವರು. ಹೊಸ ಹುಡುಗರು ಕಲಿಯುವ ಮೊದಲೇ ಸಾಯುತ್ತಿದ್ದರು. ೧೯೧೭ರಲ್ಲಿ ಸಿಡಿಗುಂಡಿನ ಚೂರುಗಳಿಂದ ಗಾಯಗೊಂಡ ರೆಮಾರ್ಕ್ ತನ್ನ ಕಾದಂಬರಿಯಲ್ಲಿ ಇದನ್ನು ಚಿತ್ರಿಸಿದ್ದಾನೆ.

ಆದರೆ ಈ ವಿದ್ಯೆಗೂ ಒಂದು ಮಿತಿಯುಂಟು. ೧೯೧೬ರ ಜೂನ್ ೨೪ರಿಂದ ಫ್ರಾನ್ಸಿನ ಸೊಮ್ ಪ್ರದೇಶದಲ್ಲಿ ಬ್ರಿಟಿಷರು ಒಂದು ವಾರ ಎಡೆಬಿಡದೆ ೧೫ ಲಕ್ಷಕ್ಕೂ ಹೆಚ್ಚು ಸಿಡಿಗುಂಡುಗಳನ್ನು ಸುರಿಸಿದರು. ಇಡೀ ವಾರಕ್ಕೆ ಹಂಚಿದರೂ ಸೆಕೆಂಡಿಗೆ ಎರಡಕ್ಕೂ ಮೇಲಾಯಿತು! ಸದ್ದುಗಳು ಒಂದರೊಳಗೊಂದು ಬೆರೆತು ನಗಾರಿಯ ಮೊರೆತದಂತಾಗುವ ಇಂಥ ದಾಳಿಯನ್ನು ಜರ್ಮನರು ‘ನಗಾರಿ ಬೆಂಕಿ’ ಎಂದು ಕರೆದರು. ಇಲ್ಲಿ ಯಾವ ಗುಂಡು ಯಾರಿಗೆಂದು ಯಾವ ಕಿವಿಯೂ ಹೇಳಲಾರದು. ಸಿಪಾಯಿಗಳು ಸೀಮೆಸುಣ್ಣದ ನೆಲದಲ್ಲಿ ಆಳವಾಗಿ ತೋಡಿದ ಗವಿಗಳಲ್ಲಿ ಅವಿತರು. ಅನ್ನನೀರು ತರುವುದು ದುಸ್ತರವಾಯಿತು, ನಿದ್ರೆ ಇಲ್ಲವಾಯಿತು. ಬಾಗಿಲು ಕುಸಿದರೆ ಗವಿಯೇ ಗೋರಿ.

ಅಲ್ಲಿ ಅವರು ಕಾದದ್ದು ಸದ್ದಿಗಲ್ಲ, ಸದ್ದು ಹಿಂದಕ್ಕೆ ಸರಿಯುವುದಕ್ಕೆ. ಜುಲೈ ೧ರ ಬೆಳಗ್ಗೆ ೭-೨೦ಕ್ಕೆ ಬೋಮೋಂ ಹಾಮೆಲ್ ಗ್ರಾಮದ ಬಳಿಯ ಹಾಥಾರ್ನ್ ದಿಣ್ಣೆಯ ಕೆಳಗೆ ಬ್ರಿಟಿಷರು ಸುಮಾರು ೧೮,೦೦೦ ಕಿಲೋಗ್ರಾಂ ಸ್ಫೋಟಕವನ್ನು ಸಿಡಿಸಿದರು. ನೆಲದಲ್ಲಿ ಕಂಪನ ಗಾಳಿಗಿಂತ ಬೇಗ ಹರಿಯುತ್ತದೆ. ಸುತ್ತಲಿನ ಗವಿಗಳವರಿಗೆ ಸುದ್ದಿ ಮುಟ್ಟಿತು. ಅಲ್ಲಿಯ ದೊಡ್ಡ ಫಿರಂಗಿಗಳ ಗುರಿಯೂ ಹಿಂದಕ್ಕೆ ಸರಿಯಿತು. ಬ್ರಿಟಿಷ್ ಪದಾತಿ ಹೊರಡಬೇಕಾದುದು ೭-೩೦ಕ್ಕೆ. ಅಷ್ಟರಲ್ಲಿ ಜರ್ಮನರು ಮೆಟ್ಟಿಲೇರಿ ಯಂತ್ರಬಂದೂಕುಗಳನ್ನು ಹೂಡಿದ್ದರು. ಆ ಒಂದೇ ದಿನ ಇಡೀ ರಂಗದಲ್ಲಿ ಬ್ರಿಟಿಷರ ಕಡೆ ೧೯,೨೪೦ ಮಂದಿ ಸತ್ತರು.

ಬದುಕಿದ ಜರ್ಮನರಲ್ಲಿಯೂ ಎಲ್ಲರೂ ಕ್ಷೇಮವಾಗಿ ಉಳಿಯಲಿಲ್ಲ. ಮೈಮೇಲೆ ಗಾಯವಿಲ್ಲದೆಯೂ ನಡುಕ ನಿಲ್ಲದವರನ್ನು ಜನರು ‘ಯುದ್ಧದ ನಡುಗರು’ ಎಂದರು. ಕೆಲವು ವೈದ್ಯರು ಅವರಿಗೆ ವಿದ್ಯುತ್ತಿನ ಆಘಾತ ಕೊಟ್ಟು, ನಡುಕವನ್ನು ಬಿಡುವಂತೆ ಆಜ್ಞಾಪಿಸುತ್ತಿದ್ದರು.