ಎಲುಬು ಟೊಳ್ಳಾದವರ ಮುರಿತಕ್ಕೆ ಸ್ಕ್ರೂ ಮತ್ತು ಪ್ಲೇಟ್ ಜೋಡಣೆ: ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಫಲಾನುಭವಿಗಳಿಗೆ ಮಾಹಿತಿ

ಹಿರಿಯ ನಾಗರಿಕರು ಬಚ್ಚಲಿನಲ್ಲಿ, ಅಂಗಳದಲ್ಲಿ ಅಥವಾ ಹೊಸ್ತಿಲು ದಾಟುವಾಗ ಜಾರಿ ಬಿದ್ದು ಎಲುಬು ಮುರಿದುಕೊಂಡಾಗ ನೀಡಲಾಗುವ ಶಸ್ತ್ರಚಿಕಿತ್ಸೆಯ ಸ್ವರೂಪವನ್ನೂ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಅದಕ್ಕೆ ದೊರೆಯುವ ನೆರವನ್ನೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

ನಿಂತ ಎತ್ತರದಿಂದ ಅಥವಾ ಅದಕ್ಕಿಂತ ಕಡಿಮೆ ಎತ್ತರದಿಂದ ಬಿದ್ದು ಎಲುಬು ಮುರಿದಲ್ಲಿ ಅದನ್ನು ಕೇವಲ ಆಕಸ್ಮಿಕವೆಂದು ಪರಿಗಣಿಸಲಾಗದು. ಎಲುಬು ಮೊದಲೇ ಸತ್ವ ಕಳೆದುಕೊಂಡಿತ್ತೆಂಬುದನ್ನು ಅದು ಸೂಚಿಸುತ್ತದೆ. ಈ ಸ್ಥಿತಿಗೆ ಆಸ್ಟಿಯೊಪೊರೋಸಿಸ್ ಎಂದು ಹೆಸರು. ಮಂಡಿನೋವಿಗೆ ಜನರು ಹೇಳುವ 'ಎಲುಬು ಸವೆತ' ಬೇರೆ, ಇದು ಬೇರೆ. ಮಂಡಿಯಲ್ಲಿ ಕೀಲಿನ ಮೃದ್ವಸ್ಥಿ ಸವೆಯುತ್ತದೆ. ಇಲ್ಲಿ ಎಲುಬಿನ ಹೊರಚಿಪ್ಪು ತೆಳುವಾಗಿ ಒಳಗಿನ ಜಾಲರಿ ವಿರಳವಾಗುತ್ತದೆ, ಮುರಿಯುವವರೆಗೆ ನೋವೂ ಇರುವುದಿಲ್ಲ. ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ರೋಗವಿದೆಯೆಂದು ನಿರ್ಣಯಿಸುವ ಮಾನದಂಡವನ್ನು ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ನಿಗದಿಪಡಿಸಿತು.

ಇಂತಹ ಎಲುಬಿಗೆ ಸ್ಕ್ರೂ ಹಾಕುವುದು ಏಕೆ ಕಷ್ಟವೆಂಬುದು ಖಾನಾಪುರದ ಬಡಗಿಗಳಿಗೆ ಹೇಳಬೇಕಾಗಿಲ್ಲ. ಸಾಗುವಾನಿ ಹಲಗೆಯಲ್ಲಿ ಬಿಗಿಯಾಗಿ ಕೂರುವ ಸ್ಕ್ರೂ ಗೆದ್ದಲು ತಿಂದ ಹಲಗೆಯಲ್ಲಿ ತಿರುಗುತ್ತಲೇ ಇರುತ್ತದೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಸ್ಥಾಪಿಸಿದ ಎ.ಓ. ತಂಡವು ಪ್ರಚಾರಕ್ಕೆ ತಂದ ಸಾಂಪ್ರದಾಯಿಕ ವಿಧಾನದಲ್ಲಿ ಸ್ಕ್ರೂಗಳು ಲೋಹದ ಪ್ಲೇಟನ್ನು ಎಲುಬಿನ ಮೇಲೆ ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದ ಉಂಟಾಗುವ ಘರ್ಷಣೆಯೇ ಜೋಡಣೆಯ ಆಧಾರ. ಗಟ್ಟಿ ಎಲುಬಿನಲ್ಲಿ ಇದು ಇಂದಿಗೂ ಉತ್ತಮ ವಿಧಾನವೇ ಆಗಿದೆ. ಟೊಳ್ಳು ಎಲುಬಿನಲ್ಲಿ ಮಾತ್ರ ಸ್ಕ್ರೂವಿನ ಮರೆಗಳು ಹಿಡಿತ ಕಳೆದುಕೊಂಡು, ಒಂದರ ನಂತರ ಒಂದರಂತೆ ಸಡಿಲಗೊಂಡು, ಪ್ಲೇಟ್ ಮೇಲೇಳುತ್ತದೆ.

ಲಾಕಿಂಗ್ ಪ್ಲೇಟ್ ಎಂಬ ಸಾಧನವು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದೆ. ಇದರಲ್ಲಿ ಸ್ಕ್ರೂವಿನ ತಲೆಗೂ ಪ್ಲೇಟಿನ ರಂಧ್ರಕ್ಕೂ ಮರೆಗಳಿದ್ದು, ಅವೆರಡೂ ಒಂದೇ ಚೌಕಟ್ಟಾಗಿ ಬೆಸೆದುಕೊಳ್ಳುತ್ತವೆ. ಪ್ಲೇಟನ್ನು ಎಲುಬಿಗೆ ಒತ್ತುವ ಅವಶ್ಯಕತೆ ಇರುವುದಿಲ್ಲವಾದ್ದರಿಂದ ಎಲುಬಿನ ಹೊರಪೊರೆಯ ರಕ್ತಸಂಚಾರವೂ ಉಳಿಯುತ್ತದೆ. ಭುಜ, ಮಣಿಕಟ್ಟು ಹಾಗೂ ಮಂಡಿಯ ಮೇಲ್ಭಾಗದ ಮುರಿತಗಳಲ್ಲಿ ಇದರ ಬಳಕೆ ಹೆಚ್ಚು. ಆದರೂ ಇದು ಎಲ್ಲಕ್ಕೂ ಪರಿಹಾರವಲ್ಲ. ಪ್ಲೇಟ್ ಅಲುಗದಿದ್ದರೂ ಸುತ್ತಲಿನ ಎಲುಬೇ ಕುಸಿದು ಸ್ಕ್ರೂವಿನ ತುದಿ ಕೀಲಿನೊಳಗೆ ನುಸುಳುವ ಸಂಭವವಿದೆ. ಭುಜದಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಆದ್ದರಿಂದಲೇ ಶಸ್ತ್ರಚಿಕಿತ್ಸಕರು ಉದ್ದನೆಯ ಪ್ಲೇಟ್ ಆರಿಸಿ ಸ್ಕ್ರೂಗಳನ್ನು ದೂರ ದೂರ ಹಾಕುತ್ತಾರೆ, ಎಲುಬಿನ ಎರಡೂ ಚಿಪ್ಪುಗಳನ್ನು ಹಾದುಹೋಗುವಂತೆ ನೋಡಿಕೊಳ್ಳುತ್ತಾರೆ, ಕೆಲವೆಡೆ ಎಲುಬಿನ ಸಿಮೆಂಟ್ ತುಂಬುತ್ತಾರೆ. ಪ್ಲೇಟಿನಲ್ಲಿ ಖಾಲಿ ರಂಧ್ರಗಳಿರುವುದನ್ನು ಎಕ್ಸ್‌-ರೇಯಲ್ಲಿ ಕಂಡು ಕೆಲಸ ಅರ್ಧಕ್ಕೇ ನಿಂತಿದೆಯೆಂದು ಭಾವಿಸಬೇಕಾಗಿಲ್ಲ.

ಎಲ್ಲ ಮುರಿತಗಳಿಗೂ ಪ್ಲೇಟ್ ಅಗತ್ಯವಿರುವುದಿಲ್ಲ. ಸ್ಥಾನಪಲ್ಲಟವಾಗದ ಮಣಿಕಟ್ಟಿನ ಮುರಿತವು ಪ್ಲಾಸ್ಟರಿನಿಂದಲೇ ಕೂಡಿಕೊಳ್ಳುತ್ತದೆ.

ಸೊಂಟದ ಮುರಿತ, ಅಂದರೆ ತೊಡೆ ಎಲುಬಿನ ಮೇಲ್ತುದಿಯ ಮುರಿತದ ವಿಷಯ ಪ್ರತ್ಯೇಕವಾದುದು. ತೊಡೆ ಎಲುಬಿನ ಕುತ್ತಿಗೆ ಮುರಿದು ಸರಿದಾಗ ತಲೆಭಾಗಕ್ಕೆ ರಕ್ತ ಪೂರೈಕೆ ತಪ್ಪುವುದರಿಂದ ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕೃತಕ ತಲೆಯನ್ನು ಅಳವಡಿಸಲಾಗುತ್ತದೆ. ಕುತ್ತಿಗೆಯ ಕೆಳಗಿನ ಮುರಿತಕ್ಕೆ ಡೈನಮಿಕ್ ಹಿಪ್ ಸ್ಕ್ರೂ ಮತ್ತು ಪ್ಲೇಟ್ ಅಥವಾ ಎಲುಬಿನೊಳಗಿನ ಸಲಾಕೆಯನ್ನು ಬಳಸಲಾಗುತ್ತದೆ. ಇಲ್ಲಿ ಸ್ಕ್ರೂವಿನ ತುದಿ ತೊಡೆ ಎಲುಬಿನ ತಲೆಯ ನಡುವೆ, ಆಳದಲ್ಲಿ ಕೂರಬೇಕು. ಎರಡು ದಿಕ್ಕಿನ ಎಕ್ಸ್‌-ರೇಗಳಲ್ಲಿ ಅಳೆದ ಅಂತರಗಳ ಮೊತ್ತ 25 ಮಿ.ಮೀ. ಮೀರಿದರೆ ಸ್ಕ್ರೂ ಎಲುಬನ್ನು ಸೀಳಿಕೊಂಡು ಹೊರಬರುವ ಅಪಾಯ ಹೆಚ್ಚುತ್ತದೆಂದು 1995ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

"ವಯಸ್ಸಾಗಿದೆ, ಈಗ ಆಪರೇಷನ್ ಏಕೆ, ಹಾಸಿಗೆಯಲ್ಲೇ ನೋಡಿಕೊಳ್ಳೋಣ" ಎಂಬ ನಿರ್ಧಾರವು ಕಾಳಜಿಯಿಂದಲೇ ಬರುತ್ತದೆ; ಆದರೆ ಸೊಂಟದ ಮುರಿತದಲ್ಲಿ ಬಹುತೇಕ ಅದು ತಪ್ಪು ನಿರ್ಧಾರ. ವಾರಗಟ್ಟಲೆ ಮಲಗಿದವರಿಗೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಬಾಧಿಸುತ್ತವೆ. ಚಿಕಿತ್ಸೆ ಪಡೆದವರಲ್ಲಿಯೂ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ಮೃತಪಡುತ್ತಾರೆಂದು ಅನೇಕ ದೇಶಗಳ ಅಧ್ಯಯನಗಳು ತಿಳಿಸುತ್ತವೆ. ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ನಡೆಸಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಉದ್ದೇಶವಾಗಿರುತ್ತದೆ. ಕಣಕುಂಬಿ, ಜಾಂಬೋಟಿ, ಗುಂಜಿ ಕಡೆಯ ಗ್ರಾಮಗಳಿಂದ ಮಳೆಗಾಲದಲ್ಲಿ ಬೆಳಗಾವಿ ತಲುಪುವುದು ಸುಲಭವಲ್ಲ. ಆದ್ದರಿಂದ ಮೊದಲು ಬಿದಿರುಪಟ್ಟಿ ಕಟ್ಟಿಸಿ ನಾಲ್ಕು ದಿನ ಕಾದು ನೋಡುವುದನ್ನು ಬಿಟ್ಟು, ಗಾಯಾಳುವನ್ನು ನಡೆಸದೆ, ಕಾಲನ್ನು ಅಲುಗಾಡದಂತೆ ಇರಿಸಿ 108 ಆಂಬ್ಯುಲೆನ್ಸಿಗೆ ಕರೆ ಮಾಡತಕ್ಕದ್ದು.

ನೆರವಿನ ವಿಷಯವಾಗಿ ತಿಳಿಯಪಡಿಸುವುದೇನೆಂದರೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ 2018ರಿಂದ ಜಾರಿಯಲ್ಲಿರುವ ಸದರಿ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಉಚಿತವಾಗಿರುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ, ಉಳಿದ ಶೇ. 70ನ್ನು ರೋಗಿಯ ಕಡೆಯವರು ಹೊಂದಿಸಿಕೊಳ್ಳಬೇಕಾಗುತ್ತದೆ. ಇದು ಸಣ್ಣ ಮೊತ್ತವಲ್ಲವಾದ್ದರಿಂದ ದಾಖಲಾಗುವಾಗಲೇ ವಿಚಾರಿಸುವುದು ಒಳಿತು. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರತಕ್ಕದ್ದು. ಅವನ್ನು ಹುಡುಕುವ ಸಲುವಾಗಿ ಗಾಯಾಳುವಿನ ಪ್ರಯಾಣವನ್ನು ತಡೆಹಿಡಿಯಬಾರದು, ಮನೆಯವರೊಬ್ಬರು ಹಿಂದಿನಿಂದ ತರಬಹುದು.

ಖಾಸಗಿ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಅವಶ್ಯ. ತುರ್ತು ಎಂದು ವರ್ಗೀಕರಿಸಲಾದ ಚಿಕಿತ್ಸೆಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ನಿಮ್ಮ ಚಿಕಿತ್ಸೆ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನೂ, ಇಂಪ್ಲಾಂಟಿನ ವೆಚ್ಚ ಪ್ಯಾಕೇಜಿನಲ್ಲಿ ಅಡಕವಾಗಿದೆಯೇ ಎಂಬುದನ್ನೂ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ ತಿಳಿದುಕೊಳ್ಳುವುದು. ಸಮ್ಮತಿ ಪತ್ರವನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಹೇಳುವಂತೆ ಕೋರಲು ಸಂಕೋಚ ಪಡಬೇಕಾಗಿಲ್ಲ.

ಪ್ಲೇಟ್ ಹಾಕಿದ ಮಾತ್ರಕ್ಕೆ ಮೂಲ ರೋಗ ಗುಣವಾಗುವುದಿಲ್ಲ, ಹಾಗೂ ಒಮ್ಮೆ ಮುರಿದವರಿಗೆ ಮತ್ತೊಂದು ಎಲುಬು ಮುರಿಯುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ನಮ್ಮ ಭಾಗದ ನಿತ್ಯಾಹಾರವಾದ ಜೋಳದ 100 ಗ್ರಾಂನಲ್ಲಿ ಅದು 30 ಮಿ.ಗ್ರಾಂ.ಗಿಂತ ಕಡಿಮೆ; ಖಾನಾಪುರದ ಕಡೆ ನಾಚಣಿ ಎನ್ನಲಾಗುವ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ರೊಟ್ಟಿಯನ್ನು ಬಿಡಬೇಕೆಂದಲ್ಲ, ಅಂಬಲಿಯನ್ನೂ ಸೇರಿಸಿಕೊಳ್ಳಬಹುದು. ವೈದ್ಯರು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಂದಿಗೆ ಸೇವಿಸಿ, ಕನಿಷ್ಠ ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರತಕ್ಕದ್ದು.

ವಯಸ್ಸಾದವರಲ್ಲಿ ತೊಂದರೆ ಇಲ್ಲದಿದ್ದರೆ ಪ್ಲೇಟನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಬಿಡುಗಡೆ ಸಾರಾಂಶ ಮತ್ತು ಇಂಪ್ಲಾಂಟ್ ಚೀಟಿಯನ್ನು ಪಡಿತರ ಚೀಟಿಯ ಜೊತೆಗೇ ಕಾಯ್ದಿರಿಸಿಕೊಂಡು, ಮುಂದೆ ಎಂ.ಆರ್.ಐ. ಮಾಡಿಸುವ ಸಂದರ್ಭ ಬಂದಲ್ಲಿ ತಂತ್ರಜ್ಞರಿಗೆ ತೋರಿಸುವುದು.